ಮೋಟಾರಿಗಿಂತ ಮೊದಲು ಕನಿಷ್ಠ ಎತ್ತರ ನೋಡಿ

ನಿಮ್ಮ ಎತ್ತರ 5 ಅಡಿ, ಎರಡು ಮಾನಿಟರ್ ಇಡಬೇಕು, ಒಂದೇ ಮೋಟಾರಿನ ಸ್ಟ್ಯಾಂಡಿಂಗ್ ಡೆಸ್ಕ್ (ಕೂತೂ ನಿಂತೂ ಕೆಲಸ ಮಾಡಲು ಏರಿಸಿ ಇಳಿಸಬಹುದಾದ ಮೇಜು) ಸಾಕಾ ಅಂತ ಕೇಳಿದ್ದೀರಿ. ಭಾರದ ಮಟ್ಟಿಗೆ ಸಾಮಾನ್ಯವಾಗಿ ಸಾಕು. ಆದರೆ ನೀವು ಮೊದಲು ನೋಡಬೇಕಾದದ್ದು ಡೆಸ್ಕ್ ಎಷ್ಟು ಕೆಳಗಿಳಿಯುತ್ತದೆ ಅನ್ನೋದನ್ನ; ಹೆಚ್ಚಿನವರು ಎಷ್ಟು ಮೇಲೇರುತ್ತದೆ ಅಂತಷ್ಟೇ ನೋಡುತ್ತಾರೆ. ಪಾದ ನೆಲಕ್ಕೂರಿ ಕೂತು, ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ನಿಮಗೆ 60 ಸೆಂ.ಮೀ. ಆಸುಪಾಸು ಬರುತ್ತದೆ. ಎರಡು ಹಂತದ ಕಾಲಿರುವ (ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಕಾಲಿರುವ) ಎಷ್ಟೋ ಡೆಸ್ಕ್‌ಗಳು 70ರ ಹತ್ತಿರವೇ ನಿಂತುಬಿಡುತ್ತವೆ. ಆಗ ಕೂತಾಗಲೆಲ್ಲ ಭುಜ ಎತ್ತಿಕೊಂಡೇ ಟೈಪ್ ಮಾಡಬೇಕು, ಕತ್ತು ನೋವು ಬರಬಹುದು. ದಯವಿಟ್ಟು ಸಾಮಾನ್ಯವಾಗಿ ಇನ್ನೂ ಕೆಳಗಿಳಿಯುವ ಮೂರು ಹಂತದ ಕಾಲಿನದ್ದನ್ನೇ ಹುಡುಕಿ, ಹಲಗೆಯ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿ. ಮಾನಿಟರ್ ಆರ್ಮ್ (ಮೇಜಿನ ಅಂಚಿಗೆ ಬಿಗಿಸಿ ಮಾನಿಟರ್ ಹಿಡಿದಿಡುವ ತೋಳು) ಬಿಗಿಸುವುದಾದರೆ, ಹಿಂದಿನ ಅಂಚಿನ ಕೆಳಗೆ ಫ್ರೇಮಿನ ಪಟ್ಟಿ ಅಡ್ಡ ಬರುತ್ತದಾ ಅಂತಲೂ ವಿಚಾರಿಸಿ.