ಲೋಕಲ್ ಗಾಡಿಯಲ್ಲಿ ತಂಬೂರಿ ಕೇಳಿಸಬೇಕಾದರೆ: ವೈರ್‌ಲೆಸ್ ಹೆಡ್‌ಫೋನ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಡೊಂಬಿವಲಿಯಿಂದ ಮುಂಬಯಿಯ ಫೋರ್ಟ್‌ನಲ್ಲಿರುವ ಕಚೇರಿಗೆ ಪ್ರತಿದಿನ ಲೋಕಲ್ ಗಾಡಿಯಲ್ಲಿ ಹೋಗಿಬರುವವನು. ದಾರಿಯಲ್ಲಿ ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಗಾಯನವನ್ನು ಕೇಳುತ್ತೇನೆ. ನನಗೆ ಕನ್ನಡಕವಿದೆ, ಫೋನ್ ಆಂಡ್ರಾಯ್ಡ್. ಒಂದು ಒಳ್ಳೆಯ ವೈರ್‌ಲೆಸ್ ಹೆಡ್‌ಫೋನ್ ಕೊಳ್ಳಬೇಕೆಂದಿದ್ದೇನೆ. ಮಗ ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ5 ತೆಗೆದುಕೊಳ್ಳಿ ಎನ್ನುತ್ತಾನೆ, ಸಹೋದ್ಯೋಗಿಯೊಬ್ಬರು ಸೆನ್‌ಹೈಸರ್ ಮೊಮೆಂಟಮ್ 4 ಎನ್ನುತ್ತಾರೆ, ಅಂಗಡಿಯವರು ಬೋಸ್ ಕ್ವಯಟ್‌ಕಂಫರ್ಟ್ ಅಲ್ಟ್ರಾ ಎನ್ನುತ್ತಾರೆ. ನಾದಕ್ಕೆ ಒಂದು ಒಳ್ಳೆಯದು, ದಿನಬಳಕೆಗೆ ಇನ್ನೊಂದು ಎಂದು ಎಲ್ಲರೂ ಹೇಳುತ್ತಿರುವುದರಿಂದ ಗೊಂದಲವಾಗಿದೆ. ಎರಡಕ್ಕೂ ಸಲ್ಲುವುದು ಯಾವುದು?
— ಓದುಗರು, ಡೊಂಬಿವಲಿ

ಉತ್ತರ: ನಾದ ಬೇರೆ, ದಿನಬಳಕೆ ಬೇರೆ ಎಂಬ ಮಾತು ಮನೆಯ ಕೋಣೆಯಲ್ಲಿ ಕುಳಿತು ಕೇಳುವವರ ಮಟ್ಟಿಗೆ ನಿಜವಿರಬಹುದು, ಲೋಕಲ್‌ನಲ್ಲಿ ಒಂದು ಗಂಟೆಗೂ ಮಿಕ್ಕಿ ನಿಂತು ಕೇಳುವ ನಿಮಗೆ ಅದು ಅನ್ವಯಿಸುವುದಿಲ್ಲ. ಗಾಡಿಯೊಳಗೆ ನಿಮ್ಮ ಕಿವಿಗೆ ಬೀಳುವ ಸಂಗೀತ ಹೇಗಿರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸುವುದು ಹೊರಗಿನ ಗದ್ದಲ, ಆಮೇಲೆ ಕಿವಿಮೆತ್ತೆ ನಿಮ್ಮ ತಲೆಗೆ ಎಷ್ಟು ಸರಿಯಾಗಿ ಕೂರುತ್ತದೆ ಎಂಬುದು, ಅದಾದ ಮೇಲೆ ಹೆಡ್‌ಫೋನಿನ ಸ್ವಂತ ನಾದ, ಎಲ್ಲಕ್ಕಿಂತ ಕೊನೆಗೆ ಬ್ಲೂಟೂತ್ ಕೋಡೆಕ್, ಅಂದರೆ ಹಾಡನ್ನು ಫೋನಿನಿಂದ ಹೆಡ್‌ಫೋನಿಗೆ ಸಾಗಿಸಲು ಕುಗ್ಗಿಸುವ ವಿಧಾನ. ಜಾಹೀರಾತುಗಳು ಈ ಕ್ರಮವನ್ನು ತಿರುಗುಮುರುಗಾಗಿ ಹೇಳುವುದರಿಂದಲೇ ನಿಮ್ಮ ಗೊಂದಲ ಹುಟ್ಟಿದೆ.

ನೀವು ಕೇಳುವ ಗಾಯನವನ್ನೇ ತೆಗೆದುಕೊಳ್ಳೋಣ. ಗಾಯಕರ ಷಡ್ಜ ಕರಿ ಒಂದರಲ್ಲಿದ್ದರೆ (ಹಾರ್ಮೋನಿಯಂನ ಮೊದಲ ಕರಿಮನೆ) ಅದರ ಕಂಪನ ಸೆಕೆಂಡಿಗೆ ಸುಮಾರು 139; ತಂಬೂರಿಯ ಖರಜದ ತಂತಿ ಅದರ ಅರ್ಧದಲ್ಲಿ, ಅಂದರೆ 69ರ ಆಸುಪಾಸಿನಲ್ಲಿ ನುಡಿಯುತ್ತದೆ. ಗಾಲಿ, ಹಳಿ, ಮೋಟಾರುಗಳ ಗುಡುಗಿನ ಬಹುಪಾಲು ಬಲವಿರುವುದೂ ಇದೇ ತಗ್ಗಿನ ವಲಯದಲ್ಲಿ. ಆದ್ದರಿಂದ ಗಾಡಿ ವೇಗ ಹಿಡಿದ ಕೂಡಲೇ ಮೊದಲು ಮುಳುಗುವುದು ಖರಜ. ತಗ್ಗಿನ ಸದ್ದು ಜೋರಾದಾಗ ತನಗಿಂತ ಮೇಲಿನ ಸ್ವರಗಳನ್ನೂ ಮರೆಮಾಡುವುದು ಮನುಷ್ಯನ ಕಿವಿಯ ಸ್ವಭಾವವಾದ್ದರಿಂದ, ಖರಜದ ಹಿಂದೆಯೇ ತಂಬೂರಿಯ ತಂತಿಗಳ ಜವಾರಿಯ ಝೇಂಕಾರವೂ, ಮನ್ಸೂರರು ಎರಡು ಸ್ವರಗಳ ನಡುವೆ ಮೆಲ್ಲಗೆ ಜಾರುವ ಜಾಗಗಳೂ ಕಾಣೆಯಾಗುತ್ತವೆ. ಉಳಿಯುವುದು ತಾರಸಪ್ತಕದ ಏರುದನಿ ಮತ್ತು ತಬಲದ ಪೆಟ್ಟು ಮಾತ್ರ. ಇಂಥ ಕಡೆ ಎಷ್ಟು ಬೆಲೆಯ ಹೆಡ್‌ಫೋನ್ ಆದರೂ ಹೊರಗಿನ ಸದ್ದನ್ನು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ದುರ್ಬಲವಾಗಿದ್ದರೆ ಅದರ ನಾದಗುಣ ನಿಮಗೆ ತಲುಪುವುದೇ ಇಲ್ಲ.

ನಾಯ್ಸ್ ಕ್ಯಾನ್ಸಲಿಂಗ್‌ನ ಬಲ ಇರುವುದೂ ಅದೃಷ್ಟವಶಾತ್ ಇದೇ ವಲಯದಲ್ಲಿ. ಹೆಡ್‌ಫೋನಿನ ಮೈಕುಗಳು ಹೊರಗಿನ ಸದ್ದನ್ನು ಹಿಡಿದು, ಅದರ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಉಂಟುಮಾಡಿ, ಎರಡೂ ಒಂದನ್ನೊಂದು ಅಳಿಸುವಂತೆ ಮಾಡುತ್ತವೆ. ಒಂದೇ ಸಮನೆ ಮೊರೆಯುವ ತಗ್ಗಿನ ಸದ್ದಿನ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬಾಗಿಲ ಬಳಿಯ ಮಾತುಕತೆ, ಮಾರುವವರ ಕೂಗು, ಮಗುವಿನ ಅಳು ಇವುಗಳ ಮೇಲೆ ಅಷ್ಟು ನಡೆಯುವುದಿಲ್ಲ, ಅವನ್ನು ತಡೆಯಬೇಕಾದುದು ಕಿವಿಮೆತ್ತೆಯೇ. ಬಂಗಾಳದಿಂದ ಅಮೆರಿಕಕ್ಕೆ ಹೋದವರೊಬ್ಬರ ಮಗನಾದ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುತ್ತಿದ್ದಾಗ, ಎಂಜಿನ್ನಿನ ಸದ್ದಿನಲ್ಲಿ ಹೆಡ್‌ಫೋನಿನ ಸಂಗೀತ ಸರಿಯಾಗಿ ಕೇಳಿಸದೆ, ಈ ಉಪಾಯದ ಲೆಕ್ಕಾಚಾರವನ್ನು ಪ್ರಯಾಣದಲ್ಲೇ ಆರಂಭಿಸಿದರು; ಅವರ ಕಂಪನಿ ವಿಮಾನ ಚಾಲಕರಿಗಾಗಿ ಅಂಥ ಹೆಡ್‌ಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1989ರಲ್ಲಿ. ವಾಹನದ ಸದ್ದಿನ ನಡುವೆ ಸಂಗೀತ ಕೇಳಬೇಕೆಂಬ ನಿಮ್ಮ ಅಗತ್ಯವೇ ಈ ತಂತ್ರಜ್ಞಾನದ ಮೂಲವೂ ಆಗಿತ್ತು.

ಈಗ ಮೂರೂ ಹೆಡ್‌ಫೋನುಗಳ ವಿಷಯ. ಬೋಸ್ ಕ್ವಯಟ್‌ಕಂಫರ್ಟ್ ಅಲ್ಟ್ರಾ 2023ರಲ್ಲಿ ಬಂದದ್ದು. ತೂಕ 250 ಗ್ರಾಂ ಆಸುಪಾಸು, ತಲೆಯ ಮೇಲೆ ಒತ್ತಡ ಕಡಿಮೆ, ಮಡಚಿದರೆ ಚಿಕ್ಕ ಡಬ್ಬಿಯಲ್ಲಿ ಅಡಗುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ 24 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ನಾದ ಸುತ್ತಲಿನಿಂದ ಬಂದಂತೆ ಭಾಸವಾಗುವ ಇಮ್ಮರ್ಸಿವ್ ಎಂಬ ಸೌಲಭ್ಯ ಹಾಕಿಕೊಂಡರೆ ಅದು 18 ಗಂಟೆಗೆ ಇಳಿಯುತ್ತದೆ. ಶಾಸ್ತ್ರೀಯ ಗಾಯನಕ್ಕೆ ಆ ಸೌಲಭ್ಯವನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಗಾಯಕರ ಕಂಠ ಇದ್ದ ಜಾಗದಿಂದ ಕದಲಿ ಟೊಳ್ಳಾದಂತೆ ಕೇಳಿಸುತ್ತದೆ. ಸೋನಿ ಎಕ್ಸ್‌ಎಂ5 2022ರದು. ತೂಕ ಅಷ್ಟೇ, ಬ್ಯಾಟರಿ ನಾಯ್ಸ್ ಕ್ಯಾನ್ಸಲಿಂಗ್ ಸಹಿತ 30 ಗಂಟೆ, ಗದ್ದಲವನ್ನು ಅಡಗಿಸುವುದರಲ್ಲಿ ಬೋಸ್‌ಗೆ ಸರಿಸಾಟಿ. ಆದರೆ ಅದರ ಬಟ್ಟಲುಗಳು ಅಗಲವಾಗಿ ತಿರುಗುತ್ತವೆಯೇ ಹೊರತು ಒಳಕ್ಕೆ ಮಡಚಿಕೊಳ್ಳುವುದಿಲ್ಲ. ಊಟದ ಡಬ್ಬಿ, ಛತ್ರಿ, ಕಾಗದಪತ್ರಗಳಿರುವ ಚೀಲವನ್ನು ಎದೆಗೆ ಅವಚಿಕೊಂಡು ಠಾಣೆ ನಗರದವರೆಗೆ ನಿಲ್ಲುವವರಿಗೆ ಇದು ಸಣ್ಣ ವಿಷಯವಲ್ಲ. ಹಿಂದಿನ ಎಕ್ಸ್‌ಎಂ4 ಮಡಚುತ್ತಿತ್ತು. 2025ರ ಎಕ್ಸ್‌ಎಂ6ರಲ್ಲಿ ಕಂಪನಿ ಆ ಮಡಿಕೆಯನ್ನು ಮರಳಿ ತಂದಿರುವುದೇ ಬಳಕೆದಾರರಿಗೆ ಅದು ಎಷ್ಟು ಮುಖ್ಯ ಎಂಬುದನ್ನು ತೋರಿಸುತ್ತದೆ.

ಸೆನ್‌ಹೈಸರ್ ಮೊಮೆಂಟಮ್ 4 ಕೂಡ 2022ರದು. ನಿಶ್ಶಬ್ದ ಕೋಣೆಯಲ್ಲಿ ಮೂರನ್ನೂ ಹೋಲಿಸಿದರೆ ಮಾನವ ಕಂಠ ಇದರಲ್ಲೇ ಹೆಚ್ಚು ಸಹಜವಾಗಿದೆ ಎಂಬುದು ನನ್ನ ಅಭಿಪ್ರಾಯ. 60 ಗಂಟೆಯ ಬ್ಯಾಟರಿಯಂತೂ ಮೆಚ್ಚಬೇಕಾದದ್ದೇ. ಆದರೆ ತೂಕ 293 ಗ್ರಾಂ, ಇದೂ ಮಡಚುವುದಿಲ್ಲ, ಮತ್ತು ಗಾಡಿಯ ಗುಡುಗನ್ನು ಅಡಗಿಸುವುದರಲ್ಲಿ ಉಳಿದೆರಡಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ರಾತ್ರಿ ಮನೆಯಲ್ಲಿ ಕುಳಿತು ಕೇಳುವುದೇ ನಿಮ್ಮ ಮುಖ್ಯ ಬಳಕೆಯಾಗಿದ್ದರೆ ನಾನು ಹಿಂದೆಮುಂದೆ ನೋಡದೆ ಇದನ್ನೇ ಹೇಳುತ್ತಿದ್ದೆ. ನಿಮ್ಮ ಪ್ರಯಾಣಕ್ಕೆ ಮೊದಲ ಆಯ್ಕೆ ಬೋಸ್. ಮಡಚುವ ಸೋನಿ ನಿಮ್ಮ ಬೆಲೆಗೆ ಸಿಕ್ಕಿದರೆ ಅದೂ ಸಮಾನ ಆಯ್ಕೆ.

ಸೋನಿ ತೆಗೆದುಕೊಂಡರೆ ಒಂದು ಕೆಲಸ ಮಾಡಲೇಬೇಕು. ಅದರ ಮೂಲ ಹೊಂದಾಣಿಕೆಯಲ್ಲಿ ತಗ್ಗಿನ ನಾದವನ್ನು ಉಬ್ಬಿಸಲಾಗಿರುವುದರಿಂದ ತಬಲದ ಡಗ್ಗಾ ಮುಂದೆ ಬಂದು ತಂಬೂರಿಯ ಮೇಲೆ ಕೂರುತ್ತದೆ. ಅದರ ಆ್ಯಪ್‌ನಲ್ಲಿರುವ ಈಕ್ವಲೈಸರ್‌ನಲ್ಲಿ ಬೇಸ್ ಅನ್ನು ಒಂದೆರಡು ಹಂತ ಇಳಿಸಿದರೆ ಕಂಠ ಬಿಡಿಸಿಕೊಂಡು ಬರುತ್ತದೆ. ಬೋಸ್‌ನಲ್ಲಿಯೂ ಇದೇ ಅಗತ್ಯ ಸ್ವಲ್ಪ ಮಟ್ಟಿಗೆ ಇದೆ.

ಕೋಡೆಕ್ ಬಗ್ಗೆ ನಿಮ್ಮ ಮಗ ಎಲ್‌ಡಿಎಸಿ ಎಂಬ ಕೋಡೆಕ್‌ನ ಹೆಸರು ಹೇಳಿರಬಹುದು. ಸಿ.ಡಿ.ಯ ದತ್ತಾಂಶದ ವೇಗ ಸೆಕೆಂಡಿಗೆ 1411 ಕಿಲೋಬಿಟ್. ಎಲ್‌ಡಿಎಸಿ ಹೆಚ್ಚೆಂದರೆ 990 ಸಾಗಿಸುತ್ತದೆ, ಸಂಪರ್ಕ ಕ್ಷೀಣಿಸಿದಾಗ 660ಕ್ಕೆ, 330ಕ್ಕೆ ಇಳಿಯುತ್ತದೆ. ರೈಲಿನ ಡಬ್ಬಿಯ ತುಂಬ ಜನರ ಬ್ಲೂಟೂತ್ ಸಾಧನಗಳು ಒಂದೇ ತರಂಗಪಟ್ಟಿಯಲ್ಲಿ ನುಗ್ಗಾಡುವ ಕಡೆ ಅದು ಮೇಲಿನ ವೇಗದಲ್ಲಿ ನಿಲ್ಲುವುದು ಕಷ್ಟ, ಬಲವಂತವಾಗಿ ನಿಲ್ಲಿಸಿದರೆ ಹಾಡು ತುಂಡಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 78 ಸುತ್ತಿನ ತಟ್ಟೆಗಳಿಂದಲೋ ಹಳೆಯ ಆಕಾಶವಾಣಿ ಟೇಪುಗಳಿಂದಲೋ ಇಳಿಸಿದ ಧ್ವನಿಮುದ್ರಿಕೆಗಳಲ್ಲಿ ಎಲ್‌ಡಿಎಸಿ ಹೊರತೆಗೆಯಬಹುದಾದ ಹೆಚ್ಚುವರಿ ವಿವರವೇ ಇರುವುದಿಲ್ಲ. ಸಂಪರ್ಕಕ್ಕೆ ಆದ್ಯತೆ ಕೊಡುವ ಆಯ್ಕೆಯನ್ನು ಹಾಕಿ ನಿಶ್ಚಿಂತೆಯಿಂದಿರಿ.

ಕನ್ನಡಕದ ಕಡ್ಡಿ ಕಿವಿಮೆತ್ತೆಯ ಅಡಿಯಲ್ಲಿ ಸಂದು ಬಿಟ್ಟರೆ ಬೇಸ್ ಸೋರಿಹೋಗುತ್ತದೆ, ನಾಯ್ಸ್ ಕ್ಯಾನ್ಸಲಿಂಗ್ ಕೂಡ ಕುಗ್ಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ, ನಿಮ್ಮದೇ ಫೋನಿನಿಂದ, ನಿಮಗೆ ಬಾಯಿಪಾಠವಾಗಿರುವ ಒಂದು ವಿಲಂಬಿತ ಖ್ಯಾಲನ್ನು ಹಾಕಿ, ಅವಸರವಿಲ್ಲದೆ ಪೂರ್ತಿ ಕೇಳಿ ನೋಡಿ. ಅಂಗಡಿಯವರು ಹಾಕುವ ಹಾಡು ಹೆಡ್‌ಫೋನನ್ನು ಹೊಗಳುವುದಕ್ಕೆಂದೇ ಆರಿಸಿದ್ದು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳುವುದಾದರೆ ಜಿಎಸ್‌ಟಿ ಬಿಲ್ಲು ಮತ್ತು ವಾರಂಟಿ ಇಲ್ಲದೆ ಹಣ ಕೊಡಬೇಡಿ. ಸೋನಿಯ ಹೆಸರಿನಲ್ಲಿ ನಕಲಿ ಮಾಲು ಹೇರಳವಾಗಿದೆ.

ಕಿವಿಯ ಆರೋಗ್ಯದ ಒಂದು ಮಾತನ್ನು ನೀವು ಕೇಳದಿದ್ದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಸರಾಸರಿ 80 ಡೆಸಿಬಲ್ ಮೀರಬಾರದು. ಗದ್ದಲವನ್ನು ಗೆಲ್ಲಲು ವಾಲ್ಯೂಮ್ ಏರಿಸುತ್ತಾ ಹೋಗುವವರು ತಮಗೆ ತಿಳಿಯದೆಯೇ ಈ ಮಿತಿಯನ್ನು ದಾಟುತ್ತಾರೆ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಏರಿಸುವ ಅಗತ್ಯವೇ ಬೀಳುವುದಿಲ್ಲ. ಇಳಿಯುವ ಸ್ಟೇಷನ್ ಬರುವ ಮುನ್ನ ಹೆಡ್‌ಫೋನನ್ನು ತೆಗೆದು ಕೊರಳಿಗೆ ಹಾಕಿಕೊಳ್ಳಿ. ಪ್ಲಾಟ್‌ಫಾರ್ಮಿನಲ್ಲಿ ಗಾಡಿಯ ಸದ್ದು ಕೇಳಿಸದಿರುವುದು ಪ್ರಾಣಕ್ಕೆ ಅಪಾಯ.

ಪ್ರಶ್ನೆ: ಹಿಂಜೆವಾಡಿಯ ಐ.ಟಿ. ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನನ್ನದು ಐಫೋನ್, ಕಚೇರಿಯದು ವಿಂಡೋಸ್ ಲ್ಯಾಪ್‌ಟಾಪ್. ಏರ್‌ಪಾಡ್ಸ್ ಮ್ಯಾಕ್ಸ್ ಕೊಳ್ಳುವ ಆಸೆಯಿದೆ. ಈಗಿರುವ ಹೆಡ್‌ಫೋನಿನಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತದೆ, ಮೀಟಿಂಗ್ ಶುರುವಾದೊಡನೆ ಎಲ್ಲವೂ ಹಳೆಯ ಟೆಲಿಫೋನಿನಂತಾಗುತ್ತದೆ. ದುಬಾರಿಯದನ್ನು ಕೊಂಡರೆ ಇದು ಸರಿಹೋಗುತ್ತದೆಯೇ?
— ಓದುಗರು, ಪುಣೆ

ಉತ್ತರ: ಪೂರ್ತಿಯಾಗಿ ಸರಿಹೋಗುವುದಿಲ್ಲ, ಏಕೆಂದರೆ ದೋಷ ನಿಮ್ಮ ಹೆಡ್‌ಫೋನಿನದಲ್ಲ. ಹಳೆಯ ಮಾದರಿಯ ಬ್ಲೂಟೂತ್‌ನಲ್ಲಿ ಸಂಗೀತ ಕೇಳುವಾಗ ಇಡೀ ದಾರಿ ಒಂದೇ ದಿಕ್ಕಿಗೆ ಮೀಸಲಾಗಿರುತ್ತದೆ. ಮೈಕ್ ಚಾಲೂ ಆದ ಕ್ಷಣ ಲ್ಯಾಪ್‌ಟಾಪು ಮಾತಿಗಾಗಿ ಇರುವ ಬೇರೊಂದು ವಿಧಾನಕ್ಕೆ ಹೊರಳುತ್ತದೆ. ಅದರಲ್ಲಿ ಎಡಬಲಗಳ ಭೇದ ಅಳಿದು, ನಾದದ ವ್ಯಾಪ್ತಿ ಕಿರಿದಾಗುತ್ತದೆ. ಲ್ಯಾಪ್‌ಟಾಪಿನದೇ ಮೈಕನ್ನು ಆರಿಸಿ ಹೆಡ್‌ಫೋನನ್ನು ಕೇಳುವುದಕ್ಕೆ ಮಾತ್ರ ಬಳಸಿದರೆ ಬಹುಪಾಲು ಈ ತೊಂದರೆ ತಪ್ಪುತ್ತದೆ. ಅದಕ್ಕೆ ಹಣ ಖರ್ಚಿಲ್ಲ.

ಏರ್‌ಪಾಡ್ಸ್ ಮ್ಯಾಕ್ಸ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಿಮ್ಮ ಬಳಕೆಗೆ ಅದು ಸೂಕ್ತವಲ್ಲ. 2020ರ ಡಿಸೆಂಬರಿನಲ್ಲಿ ನಮ್ಮಲ್ಲಿ 59,900 ರೂಪಾಯಿಗೆ ಬಂದ ಆ ಹೆಡ್‌ಫೋನಿನ ನಾದ, ಲೋಹದ ಕೆಲಸ, ಹೊರಗಿನ ಸದ್ದನ್ನು ಬೇಕಾದಾಗ ಒಳಬಿಡುವ ಸೌಲಭ್ಯ ಇವೆಲ್ಲ ಉತ್ಕೃಷ್ಟವೇ. ಆದರೆ ತೂಕ 385 ಗ್ರಾಂ ಸಮೀಪ, ಬ್ಯಾಟರಿ 20 ಗಂಟೆ. ಆ್ಯಪಲ್ ಸಾಧನಗಳ ನಡುವೆ ಅದು ತಾನಾಗಿಯೇ ಸಂಪರ್ಕ ಬದಲಿಸಿಕೊಳ್ಳುತ್ತದೆ, ವಿಂಡೋಸ್ ಜೊತೆಗೆ ಆ ಸೌಕರ್ಯವಿಲ್ಲ. ಬೋಸ್, ಸೋನಿ, ಸೆನ್‌ಹೈಸರ್ ಮೂರೂ ಫೋನಿಗೂ ಲ್ಯಾಪ್‌ಟಾಪಿಗೂ ಏಕಕಾಲದಲ್ಲಿ ಜೋಡಿಸಿಕೊಂಡಿರಬಲ್ಲವು. ಐಫೋನಿನಲ್ಲಿ ಎಲ್‌ಡಿಎಸಿಯಾಗಲಿ ಆಪ್ಟ್‌ಎಕ್ಸ್ ಆಗಲಿ ಎಂಬ ಕೋಡೆಕ್‌ಗಳು ನಡೆಯುವುದಿಲ್ಲ, ಈ ಹೆಡ್‌ಫೋನುಗಳಿಗೆಲ್ಲ ಅದು ಎಎಸಿ ಎಂಬ ಕೋಡೆಕ್‌ನಲ್ಲೇ ಕಳಿಸುತ್ತದೆ. ಹಾಗಾಗಿ ಆ ಹೆಸರುಗಳಿಗಾಗಿ ನೀವು ಹೆಚ್ಚು ಬೆಲೆ ತೆರಬೇಕಿಲ್ಲ. ಆದರೂ ಮನಸ್ಸು ಅದರಲ್ಲೇ ಇದ್ದರೆ, ಮುಂಬಯಿಗೆ ಬಂದಾಗ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2023ರಲ್ಲಿ ತೆರೆದ ಆ್ಯಪಲ್ ಮಳಿಗೆಯಲ್ಲಿ ತಲೆಗೆ ಹಾಕಿ ನೋಡಿ, ಕತ್ತಿಗೆ ಭಾರ ತಾಳುತ್ತದೆಯೇ ಎಂದು ತಿಳಿದುಕೊಂಡು ತೀರ್ಮಾನಿಸಿ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ಫೋನಿನ ತಂಬೂರಿ ಮತ್ತು ತಬಲಾ ಆ್ಯಪ್‌ಗಳನ್ನು ವೈರ್‌ಲೆಸ್ ಹೆಡ್‌ಫೋನಿನಲ್ಲಿ ಹಾಕಿಕೊಂಡು ರಿಯಾಜ್ ಮಾಡಬಹುದೇ?
— ಓದುಗರು, ಕೋಥರೂಡ್, ಪುಣೆ

ಉತ್ತರ: ಬೇಡವೆಂದೇ ಹೇಳುತ್ತೇನೆ. ಕಿವಿ ಪೂರ್ತಿ ಮುಚ್ಚಿದಾಗ ನಿಮ್ಮ ಕಂಠ ಮೂಳೆಗಳ ಮೂಲಕ ಒಳಗಿನಿಂದ ಗುಂಯ್ಗುಟ್ಟಿ ಕೇಳಿಸುತ್ತದೆ, ಹೊರಗೆ ಹೋಗುತ್ತಿರುವ ಸ್ವರ ನಿಜವಾಗಿ ಹೇಗಿದೆ ಎಂಬ ಅಂದಾಜು ತಪ್ಪುತ್ತದೆ. ಸ್ವರವನ್ನು ತಂಬೂರಿಯಲ್ಲಿ ಕರಗಿಸುವುದನ್ನು ಕಲಿಯುವ ವಿದ್ಯಾರ್ಥಿಗೆ ಇದರಿಂದ ಆಗುವ ಹಾನಿ ದೊಡ್ಡದು. ಹಾಡುವುದನ್ನು ಮುದ್ರಿಸಿಕೊಳ್ಳುವುದಾದರೆ ಇನ್ನೊಂದು ತೊಡಕಿದೆ: ಬ್ಲೂಟೂತ್‌ನಲ್ಲಿ ನಾದ ತಲುಪಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ವಿಳಂಬವಾಗುವುದು ಸಾಮಾನ್ಯ, ಆದ್ದರಿಂದ ನಿಮ್ಮ ಸಮ್ (ತಾಳದ ಮೊದಲ ಮಾತ್ರೆ) ತಬಲದ ಸಮ್‌ಗಿಂತ ಹಿಂದೆ ಬಿದ್ದಂತೆ ದಾಖಲಾಗುತ್ತದೆ. ತಂತಿಯಿರುವ, ಹಿಂಬದಿ ತೆರೆದ ಹೆಡ್‌ಫೋನನ್ನು ಮೆಲುದನಿಯಲ್ಲಿ ಬಳಸಿದರೆ ತಂಬೂರಿಯೂ ನಿಮ್ಮ ಕಂಠವೂ ಒಟ್ಟಿಗೆ ಕೇಳಿಸುತ್ತವೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಈ ಬಗೆಯದು. ಅದಕ್ಕಿಂತ ಅಗ್ಗದವೂ ಈ ಕೆಲಸಕ್ಕೆ ಸಾಕು.

ಪ್ರಶ್ನೆ: ಎರಡು ಮಳೆಗಾಲ ಕಳೆಯುವುದರೊಳಗೆ ನನ್ನ ಹೆಡ್‌ಫೋನಿನ ಕಿವಿಮೆತ್ತೆಯ ಕಪ್ಪು ಹೊದಿಕೆ ಹಪ್ಪಳದಂತೆ ಎದ್ದು ಉದುರುತ್ತಿದೆ. ಇಲ್ಲಿಯ ಹವೆಗೆ ತಾಳುವ ಹೆಡ್‌ಫೋನ್ ಇಲ್ಲವೇ?
— ಓದುಗರು, ಮಡಗಾಂವ್, ಗೋವಾ

ಉತ್ತರ: ಕಿವಿಮೆತ್ತೆಗಳ ಹೊದಿಕೆ ಹೆಚ್ಚಾಗಿ ಪಾಲಿಯುರಿಥೇನಿನಿಂದ ಮಾಡಿದ ಕೃತಕ ಚರ್ಮ. ಗಾಳಿಯ ತೇವ ಮತ್ತು ಬೆವರು ಸೇರಿ ಅದರ ಬಂಧಗಳನ್ನು ನಿಧಾನವಾಗಿ ಕಳಚುತ್ತವೆ. ಕರಾವಳಿಯಲ್ಲಿ ಇದು ಬೇಗ ಆಗುತ್ತದೆ, ಬೆಲೆ ಹೆಚ್ಚಾದ ಮಾತ್ರಕ್ಕೆ ತಪ್ಪುವುದಿಲ್ಲ. ಕೇಳಿದ ಕೂಡಲೇ ಡಬ್ಬಿಯಲ್ಲಿ ಮುಚ್ಚಿಡದೆ, ಒಣಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಆರಲು ಬಿಡಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಸ್ಪಿರಿಟ್, ಸ್ಯಾನಿಟೈಸರ್ ಹಚ್ಚಿ ಒರೆಸಬೇಡಿ, ಅದರಿಂದ ಹೊದಿಕೆ ಇನ್ನೂ ಬೇಗ ಬಿರಿಯುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಇಂಥ ಹೆಡ್‌ಫೋನುಗಳನ್ನು ಮಳೆಯಲ್ಲಿ ನೆನೆಯುವುದಕ್ಕೆ ಮಾಡಿದ್ದಲ್ಲವೆಂದೇ ತಿಳಿದು ಬಳಸಿರಿ.

ಹೆಡ್‌ಫೋನನ್ನೇ ಬದಲಿಸುವ ಮುನ್ನ ಕಿವಿಮೆತ್ತೆಯನ್ನು ಮಾತ್ರ ಬದಲಿಸಿ ನೋಡಿ. ನಾನು ಮೇಲೆ ಹೆಸರಿಸಿದ ದೊಡ್ಡ ಕಂಪನಿಗಳ ಹೆಡ್‌ಫೋನುಗಳಿಗೆ ಅವು ಬಿಡಿಯಾಗಿ ಸಿಗುತ್ತವೆ. ಅಗ್ಗದ ನಕಲಿ ಮೆತ್ತೆಯ ದಪ್ಪ, ಒಳಗಿನ ಸ್ಪಂಜಿನ ಗಡಸು ಬೇರೆಯಾಗಿರುವುದರಿಂದ ನಾದವೂ ನಾಯ್ಸ್ ಕ್ಯಾನ್ಸಲಿಂಗೂ ಕೆಡುತ್ತವೆ, ಆದ್ದರಿಂದ ಕಂಪನಿಯದನ್ನೇ ತರಿಸಿಕೊಳ್ಳುವುದು ಮೇಲು. ಮಳೆಗಾಲದಲ್ಲಿ ಬಹುಕಾಲ ಬಳಸದೆ ಇಡುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿಟ್ಟು, ಒಣ ಕಪಾಟಿನಲ್ಲಿರಿಸಿ, ತಿಂಗಳಿಗೊಮ್ಮೆ ಹೊರತೆಗೆದು ಸ್ವಲ್ಪ ಹೊತ್ತು ಕೇಳಿರಿ.