ವೆಬ್‌ಸೈಟಿನಲ್ಲಿ ‘ರೆಫ್ಯೂಸ್ಡ್’, ಕಾರಣ ಮಾತ್ರ ಯಾರೂ ಹೇಳುತ್ತಿಲ್ಲ

ಪ್ರಶ್ನೆ: ನಾನು ಬದಿಯಡ್ಕದ ಕಡೆಯವಳು. ಗಂಡ ಅಮೆರಿಕದ ಪ್ರಜೆ. ಇನ್ನು ಮೂರು ತಿಂಗಳಿಗೆ ಮದುವೆಯಾಗಿ ಎರಡು ವರ್ಷವಾಗುತ್ತದೆ. ನಾಲ್ಕು ತಿಂಗಳ ಹಿಂದೆ ಮುಂಬೈಯಲ್ಲಿ ವೀಸಾ ಇಂಟರ್‌ವ್ಯೂ ಆಯಿತು. ‘ಅಡ್ಮಿನಿಸ್ಟ್ರೇಟಿವ್ ಪ್ರೊಸೆಸಿಂಗ್’ ಎಂದು ಬರೆದ ಒಂದು ಕಾಗದ ಕೊಟ್ಟು ಕಳಿಸಿದರು. ವೆಬ್‌ಸೈಟಿನಲ್ಲಿ ‘ರೆಫ್ಯೂಸ್ಡ್’ ಅಂತ ಕಾಣುತ್ತಿದೆ. ಶಾಲೆಯ ಕೆಲಸ ಬಿಟ್ಟಾಗಿದೆ. ಎಲ್ಲಿ ಹೋದರೂ ‘ಇನ್ನೂ ಹೋಗಲಿಲ್ವಾ?’ ಎಂಬ ಪ್ರಶ್ನೆ. ಗಂಡ ಏನಾದರೂ ಮುಚ್ಚಿಡುತ್ತಿದ್ದಾರಾ ಎಂಬ ಸಂಶಯವೂ ಶುರುವಾಗಿದೆ. ಏನು ಮಾಡಲಿ?

ಉತ್ತರ: ಮೊದಲು ಆ ‘ರೆಫ್ಯೂಸ್ಡ್’ ಪದದ ವಿಷಯ ಮಾತಾಡೋಣ. ಅದನ್ನು ನೋಡಿ ರಾತ್ರಿಯಿಡೀ ಅತ್ತವರು ನೀವೊಬ್ಬರೇ ಅಲ್ಲ. ನಿಮ್ಮ ಕಾಗದದಲ್ಲಿ 221(ಜಿ) ಎಂದು ಇದೆಯಾ ನೋಡಿ. ಅದು 1952ರ ಅಮೆರಿಕದ ವಲಸೆ ಕಾನೂನಿನ ಒಂದು ಕಲಂ. ಇಂಟರ್‌ವ್ಯೂ ಆದ ಮೇಲೆ ಅಧಿಕಾರಿ ವೀಸಾ ಕೊಡಬೇಕು, ಇಲ್ಲವೇ ನಿರಾಕರಿಸಬೇಕು. ‘ಇನ್ನೂ ನೋಡುತ್ತಿದ್ದೇವೆ’ ಎಂದು ಬರೆಯಲು ಅಲ್ಲಿ ಬೇರೆ ಜಾಗವಿಲ್ಲ. ಹಾಗಾಗಿ ಪರಿಶೀಲನೆ ನಡೆಯುತ್ತಿದ್ದರೂ ‘ರೆಫ್ಯೂಸ್ಡ್’ ಎಂದೇ ಕಾಣುತ್ತದೆ. ಅದು ಕೊನೆಯ ಮಾತಲ್ಲ.

ಕಾರಣ ಯಾಕೆ ಹೇಳುವುದಿಲ್ಲ? ಹಿನ್ನೆಲೆ ಪರಿಶೀಲನೆಯಲ್ಲಿ ಏನನ್ನು ನೋಡುತ್ತಿದ್ದಾರೆಂದು ಕಾನ್ಸುಲೇಟ್ ಬಿಟ್ಟುಕೊಡುವುದಿಲ್ಲ. ನಿಮಗೂ ಇಲ್ಲ, ನಿಮ್ಮ ಗಂಡನಿಗೂ ಇಲ್ಲ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಅವರ ಮೇಲೆ ಸಂಶಯಪಡಬೇಡಿ. ಕಾರಣ ಸಿಗದಿದ್ದಾಗ ಮನಸ್ಸು ತಾನೇ ಒಂದು ಕಾರಣ ಹುಟ್ಟಿಸಿಕೊಳ್ಳುತ್ತದೆ, ಅದು ಹತ್ತಿರದವರ ಮೇಲೇ ಬೀಳುತ್ತದೆ. ಒಂದು ಭಾನುವಾರ ವೀಡಿಯೊ ಕಾಲ್‌ನಲ್ಲಿ ಇಬ್ಬರೂ ಕುಳಿತು ಇಡೀ ಫೈಲನ್ನು ಓದಿ. ಲಾಗಿನ್ ನಿಮ್ಮಿಬ್ಬರ ಹತ್ತಿರವೂ ಇರಲಿ.

ನಮ್ಮ ಕಡೆ ವೀಸಾ ಅಂದರೆ ಹೆಚ್ಚಿನವರಿಗೆ ಗಲ್ಫ್ ವೀಸಾ. ಅಲ್ಲಿ ಸ್ಪಾನ್ಸರ್ ಸರಿ ಇದ್ದರೆ ಕೆಲಸ ಬೇಗ ಆಗುತ್ತದೆ. ಆ ಅಳತೆಯಲ್ಲೇ ಇದನ್ನೂ ನೋಡಿ ‘ಏನೋ ಎಡವಟ್ಟಾಗಿದೆ’ ಅನ್ನುತ್ತಾರೆ. ‘ಒಳಗೆ ನಮ್ಮ ಜನ ಇದ್ದಾರೆ’ ಎನ್ನುವ ಏಜೆಂಟರೂ ಆಗಲೇ ಬಂದು ಸೇರುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಮ್ಮ ಕೈಲಿರುವ ಕೆಲಸವೂ ಇದೆ. ಕಾಗದದಲ್ಲಿ ಯಾವುದಾದರೂ ದಾಖಲೆ ಕೇಳಿದ್ದಾರಾ ಎಂದು ಇನ್ನೊಮ್ಮೆ ನೋಡಿ. ಕೇಳಿದ್ದರೆ ಒಂದು ವರ್ಷದೊಳಗೆ ಕೊಡಬೇಕು. ಇಲ್ಲದಿದ್ದರೆ ಹೊಸದಾಗಿ ಅರ್ಜಿ, ಹೊಸದಾಗಿ ಫೀಸು. ನಮ್ಮಲ್ಲಿ ಇನಿಶಿಯಲ್, ಮನೆ ಹೆಸರುಗಳದ್ದು ದೊಡ್ಡ ತಾಪತ್ರಯ ಅಲ್ವಾ? ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಒಂದು ಸ್ಪೆಲ್ಲಿಂಗ್, ಪಂಚಾಯತಿನ ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಅವರು ಕೇಳುವ ಮೊದಲೇ ಸರಿಪಡಿಸಲು ಶುರು ಮಾಡಿ. ಮೆಡಿಕಲ್ ತಪಾಸಣೆಗೆ ಸಾಮಾನ್ಯವಾಗಿ ಆರು ತಿಂಗಳ ಬಾಳಿಕೆ. ಅದು ಮುಗಿದರೂ ಗಾಬರಿಯಾಗಬೇಡಿ, ಅವರು ಹೇಳಿದ ಮೇಲೆ ಮಾಡಿಸಿದರೆ ಸಾಕು.

ನಿಮ್ಮ ಗಂಡ ಅಲ್ಲಿನ ಮತದಾರರಲ್ವಾ? ಅವರ ಕ್ಷೇತ್ರದ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಸದಸ್ಯರ ಕಚೇರಿಗೆ ಬರೆಯಬಹುದು. ಇಂಥ ಪ್ರಕರಣಗಳನ್ನು ವಿಚಾರಿಸಲೆಂದೇ ಅಲ್ಲಿ ಸಿಬ್ಬಂದಿ ಇರುತ್ತಾರೆ. ಅದಕ್ಕೆ ದುಡ್ಡಿಲ್ಲ. ಅವರು ವೀಸಾ ಕೊಡಿಸಲಾರರು, ಆದರೆ ಕಾನ್ಸುಲೇಟಿನಿಂದ ಒಂದು ಉತ್ತರ ತರಿಸಬಲ್ಲರು. ತೀರಾ ತಡವಾದರೆ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ‘ಮ್ಯಾಂಡಮಸ್’ ಹಾಕುವವರಿದ್ದಾರೆ. ಅದರಲ್ಲಿ ‘ತೀರ್ಮಾನ ಮಾಡಿ’ ಎಂದು ಕೇಳಬಹುದೇ ಹೊರತು ‘ವೀಸಾ ಕೊಡಿ’ ಎಂದಲ್ಲ. ಅದಕ್ಕೆ ವಕೀಲರ ಸಲಹೆ ಬೇಕೇ ಬೇಕು.

ಇನ್ನೊಂದು ಮಾತು. ಮದುವೆಯಾಗಿ ಎರಡು ವರ್ಷ ತುಂಬಿದ ಮೇಲೆ ನೀವು ಅಲ್ಲಿ ಕಾಲಿಟ್ಟರೆ ನೇರವಾಗಿ ಹತ್ತು ವರ್ಷದ ಗ್ರೀನ್ ಕಾರ್ಡ್. ಮೊದಲೇ ಹೋಗಿದ್ದರೆ ಎರಡು ವರ್ಷದ್ದು ಸಿಗುತ್ತಿತ್ತು, ಆಮೇಲೆ ಮತ್ತೊಂದು ಅರ್ಜಿ ಹಾಕಬೇಕಿತ್ತು. ಕಾದ ನೋವಿಗೆ ಇದು ಪರಿಹಾರ ಅನ್ನುತ್ತಿಲ್ಲ, ಆದರೂ ತಿಳಿದಿರಲಿ.

ವೆಬ್‌ಸೈಟ್ ನೋಡಲು ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಗಂಡನ ಜೊತೆ ವೀಸಾ ಮಾತೂ ಆ ದಿನ ಮಾತ್ರ. ಉಳಿದ ದಿನ ಅಡಿಗೆ, ಮಳೆ, ಅಡಿಕೆ ರೇಟು, ಏನಾದರೂ ಆಗಲಿ. ಕೇಳುವವರಿಗೆಲ್ಲ ‘ಮುಂಬೈಯಿಂದ ಕಾಗದ ಬರಬೇಕು, ಬಂದ ಕೂಡಲೇ ಹೇಳುತ್ತೇನೆ’ ಎಂಬ ಒಂದೇ ಉತ್ತರ ಸಾಕು. ನಿದ್ದೆ ಕೆಟ್ಟು, ಊಟ ಸೇರದೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಶಾಲೆಯಲ್ಲಿ ದಿನವೇತನದ ಕೆಲಸ ಸಿಕ್ಕರೂ ಸೇರಿಕೊಳ್ಳಿ. ಮಧ್ಯದಲ್ಲಿ ಬಿಡಬೇಕಾಗಬಹುದೆಂದು ಮೊದಲೇ ಹೇಳಿಬಿಡಿ. ಹಾಗೆಯೇ ಗಂಡನಿಗೆ ಈ ವರ್ಷ ರಜೆ ಹಾಕಿ ಬರಲು ಹೇಳಿ. ‘ವೀಸಾ ಬಂದ ಮೇಲೆ ಒಟ್ಟಿಗೇ ಹೋಗೋಣ’ ಎಂದು ಆ ಪ್ರಯಾಣವನ್ನು ಮುಂದೂಡುತ್ತಾ ಇದ್ದೀರಾದರೆ, ಇನ್ನು ಮುಂದೂಡಬೇಡಿ.