ಒಂದು ದೇಶ, ಮೂರು ಸೀಮೆ: ಪೆರು ಕುರಿತು ಓದುಗರ ಪ್ರಶ್ನೆಗಳು

ಹೋದ ತಿಂಗಳ ಸಂಚಿಕೆಯಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದ ಬಗ್ಗೆ ನಾಲ್ಕು ಸಾಲು ಬರೆದದ್ದಕ್ಕೆ ಇಷ್ಟೊಂದು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಹೆಚ್ಚಿನವು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದಲೇ ಬಂದಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟು, ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮುಂದಿನ ವರ್ಷ ಹದಿನೈದು ದಿನಗಳ ಮಟ್ಟಿಗೆ ಪೆರುವಿಗೆ ಹೋಗಿಬರುವ ಯೋಚನೆಯಿದೆ. ಪ್ರವಾಸ ಏರ್ಪಡಿಸುವವರು ‘ಕೋಸ್ಟಾ, ಸಿಯೆರಾ, ಸೆಲ್ವಾ’ ಎಂದು ಮೂರು ಭಾಗ ಮಾಡಿ ಮೂರು ದರ ಹೇಳುತ್ತಿದ್ದಾರೆ. ಒಂದೇ ದೇಶದೊಳಗೆ ಇವು ಅಷ್ಟು ಬೇರೆ ಬೇರೆಯಾಗಿವೆಯೆ? ಇಂಕಾ ಜನರ ಹಳೆಯ ಗುಡ್ಡದೂರು ಮಾಚು ಪಿಚು ಒಂದನ್ನು ನೋಡಿಬಂದರೆ ಸಾಲದೆ?
— ದಂಪತಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕ್ಯಾಸಲ್‌ರಾಕ್‌ನಲ್ಲಿ ರೈಲು ಹತ್ತಿ ಅಳ್ನಾವರ, ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿಗಳನ್ನು ದಾಟಿ ಗದಗಿನಲ್ಲಿ ಇಳಿದವರಿಗೆ ಈ ಪ್ರಶ್ನೆಯ ಅರ್ಧ ಉತ್ತರ ಕಿಟಕಿಯಲ್ಲೇ ಸಿಕ್ಕಿರುತ್ತದೆ. ಹೊರಟಲ್ಲಿ ದಟ್ಟ ಕಾಡು, ನಡುವೆ ಜಿಟಿಜಿಟಿ ಮಳೆಯ ಧಾರವಾಡ, ಅಣ್ಣಿಗೇರಿ ಬರುವಷ್ಟರಲ್ಲಿ ಕಣ್ಣು ಹಾಯುವಷ್ಟು ದೂರವೂ ಎರೆಹೊಲ. ಕಡಲಿನಿಂದ ಬರುವ ಮೋಡವನ್ನು ಘಟ್ಟ ತಡೆದು ತಾನೇ ಕುಡಿದು, ಮಿಕ್ಕಿದ್ದನ್ನಷ್ಟೇ ಬೆಳವಲಕ್ಕೆ ಬಿಡುತ್ತದೆ. ಪೆರುವಿನಲ್ಲೂ ನಡೆಯುವುದು ಇದೇ ಆಟ. ಆದರೆ ಅಲ್ಲಿ ದಿಕ್ಕು ತಿರುವುಮುರುವು, ಗೋಡೆಯೂ ಹಲವು ಪಟ್ಟು ಎತ್ತರ. ಅಲ್ಲಿ ಮಳೆ ಬರುವುದು ಪೂರ್ವದ ಅಮೆಜಾನ್ ಕಡೆಯಿಂದ. ಆಂಡಿಸ್ ಪರ್ವತಸಾಲು ಆ ನೀರನ್ನೆಲ್ಲ ತನ್ನ ಪೂರ್ವದ ಇಳಿಜಾರಿನಲ್ಲೇ ಹಿಡಿದುಕೊಳ್ಳುವುದರಿಂದ ಅಲ್ಲಿ ಕಾಡು ಬೆಳೆದಿದೆ. ಪಶ್ಚಿಮಕ್ಕೆ ಶಾಂತಸಾಗರ ಇದ್ದರೂ, ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಪ್ರವಾಹ ಆ ನೀರನ್ನು ತಣ್ಣಗೆ ಇಟ್ಟಿರುತ್ತದೆ. ತಣ್ಣೀರಿನ ಮೇಲಿನ ಗಾಳಿ ಮಂಜಾಗುತ್ತದೆಯೇ ಹೊರತು ಮೇಲೇರಿ ಮಳೆಯಾಗುವುದಿಲ್ಲ. ಹಾಗಾಗಿ ಕಡಲು ಕಣ್ಣೆದುರಿಗಿದ್ದೂ ಕರಾವಳಿ ಮರುಭೂಮಿಯಾಗಿದೆ.

ಕೋಸ್ಟಾ ಎಂದರೆ ಈ ಒಣ ಕರಾವಳಿ, ಸಿಯೆರಾ ಎಂದರೆ ಗುಡ್ಡಸೀಮೆ, ಸೆಲ್ವಾ ಎಂದರೆ ಕಾಡು. ನಮ್ಮ ಕರ್ನಾಟಕದ ಆರು ಪಟ್ಟಿಗಿಂತ ದೊಡ್ಡದಾದ ಈ ದೇಶದಲ್ಲಿ ಕಾಡೇ ಸುಮಾರು 60 ಶೇಕಡಾ. ಕರಾವಳಿ ಎಂಟನೆಯ ಒಂದು ಪಾಲನ್ನೂ ಮುಟ್ಟದಿದ್ದರೂ ಅರ್ಧಕ್ಕಿಂತ ಹೆಚ್ಚು ಜನರಿರುವುದು ಅಲ್ಲೇ. ಮಾಚು ಪಿಚು ಒಂದನ್ನೇ ನೋಡಿ ಬರುವುದು, ಬಾದಾಮಿಯನ್ನಷ್ಟೇ ಕಂಡು ಕರ್ನಾಟಕ ನೋಡಿದೆ ಎಂದಂತೆ. ತಪ್ಪಲ್ಲ, ಆದರೆ ಅಷ್ಟು ದೂರ ಹೋಗುವ ಖರ್ಚಿಗೆ ನ್ಯಾಯವಾಗುವುದಿಲ್ಲ. ನಾನಾದರೆ ರಾಜಧಾನಿ ಲಿಮಾಕ್ಕೆ ಎರಡು ದಿನ, ದಕ್ಷಿಣದ ಕರಾವಳಿಗೆ ಮೂರು, ಸ್ಪೇನಿನವರು ಬರುವ ಮುಂಚೆ ಆ ನಾಡನ್ನಾಳಿದ ಇಂಕಾ ಜನರ ರಾಜಧಾನಿ ಕುಸ್ಕೊ ಇರುವ ಗುಡ್ಡಸೀಮೆಗೆ ಐದಾರು, ಕುಸ್ಕೊದಿಂದ ವಿಮಾನದಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಪುಯೆರ್ತೊ ಮಾಲ್ಡೊನಾಡೊ ಕಾಡಿಗೆ ಮೂರು ದಿನ ಇಡುತ್ತೇನೆ. ಬಣ್ಣದ ಪಟ್ಟೆಗಳ ವಿನಿಕುಂಕಾ ಗುಡ್ಡವನ್ನು ಕಂಪನಿಯವರು ಸೇರಿಸಿದ್ದರೆ ತೆಗೆಸಿಬಿಡಿ. ಐದು ಸಾವಿರ ಮೀಟರ್ ಎತ್ತರದಲ್ಲಿ ಏದುಸಿರು ಬಿಡುತ್ತ ಜನಜಂಗುಳಿಯ ನಡುವೆ ಒಂದು ಫೋಟೊ ತೆಗೆಸಿಕೊಳ್ಳುವುದಕ್ಕಾಗಿ ಇಡೀ ದಿನ ಕಳೆಯುವುದು ನನಗೆ ಸರಿಕಾಣುವುದಿಲ್ಲ.

ಕಾಲದ ವಿಷಯದಲ್ಲಿ ಒಂದು ತೊಡಕಿದೆ. ಗುಡ್ಡಸೀಮೆಯಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಿಮಾದಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಎರಡಕ್ಕೂ ಹೊಂದುವುದು ಮೇ ತಿಂಗಳು. ಮಾಚು ಪಿಚುವಿಗೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ, ವಿಮಾನದ ಟಿಕೆಟ್ ತೆಗೆಯುವ ಮುನ್ನವೇ ಅಲ್ಲಿನ ಪ್ರವೇಶ ಚೀಟಿಯನ್ನು ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಕಾದಿರಿಸಿಕೊಳ್ಳಿ.

ಪ್ರಶ್ನೆ: ಕರಾವಳಿ ಬರೀ ಮರಳುಗಾಡು ಎಂದಾದರೆ ಅಲ್ಲಿ ನೋಡುವುದಕ್ಕೇನಿದೆ?
— ಗೃಹಿಣಿ, ರಾಣೆಬೆನ್ನೂರು

ಉತ್ತರ: ಮಳೆ ಬಾರದ ನೆಲಕ್ಕೆ ಇರುವ ದೊಡ್ಡ ಗುಣವೆಂದರೆ ಅದು ಏನನ್ನೂ ಅಳಿಸುವುದಿಲ್ಲ. ಲಿಮಾದ ಉತ್ತರಕ್ಕಿರುವ ಕರಾಲ್ ಎಂಬ ಊರಿನ ಪಿರಮಿಡ್ಡುಗಳಿಗೆ ಸುಮಾರು 5,000 ವರ್ಷ ಸಂದಿವೆ. ಇನ್ನೂ ಉತ್ತರಕ್ಕೆ ಹೋದರೆ ತ್ರುಹಿಯೊ ನಗರದ ಬಳಿ ಚಿಮು ಅರಸರ ರಾಜಧಾನಿ ಚಾನ್ ಚಾನ್ ಇದೆ. ಇಡೀ ಊರು ಹಸಿ ಇಟ್ಟಿಗೆಯದು. ನಮ್ಮ ಮಣ್ಣಿನ ಮಾಳಿಗೆಗಳು ಎರಡು ಮಳೆಗಾಲ ದುರಸ್ತಿ ಕಾಣದಿದ್ದರೆ ಸೋರುತ್ತವೆ. ಅಲ್ಲಿ ಮೀನು, ಹಕ್ಕಿ, ಬಲೆಯ ವಿನ್ಯಾಸ ಕೊರೆದ ಮಣ್ಣಿನ ಗೋಡೆಗಳು ಶತಮಾನಗಳಿಂದ ನಿಂತಿವೆ.

ದಕ್ಷಿಣದ ನಾಸ್ಕಾ ರೇಖೆಗಳು ಉಳಿದಿರುವುದೂ ಇದೇ ಕಾರಣದಿಂದ. ಎರಡು ಸಾವಿರ ವರ್ಷಗಳ ಆಸುಪಾಸಿನಲ್ಲಿ ಅಲ್ಲಿನ ಜನ ನೆಲದ ಮೇಲಿನ ಕಪ್ಪು ಕಲ್ಲುಗಳನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ತಿಳಿಬಣ್ಣದ ಮಣ್ಣು ಕಾಣುವಂತೆ ಮಾಡಿ ಮಂಗ, ಜೇಡ, ಹಕ್ಕಿಗಳ ಆಕಾರ ಬಿಡಿಸಿದ್ದಾರೆ. ಝೇಂಕಾರದ ಹಕ್ಕಿಯ ಚಿತ್ರವೊಂದೇ ತೊಂಬತ್ತು ಮೀಟರಿಗೂ ಉದ್ದವಿದೆ. ಆಳ ಮಾತ್ರ ಗೇಣು ಮೀರದು. ನಾಲ್ಕು ದೊಡ್ಡ ಮಳೆ ಬಿದ್ದಿದ್ದರೆ ಯಾವುದೂ ಉಳಿಯುತ್ತಿರಲಿಲ್ಲ. ಜರ್ಮನಿಯಲ್ಲಿ ಹುಟ್ಟಿದ ಗಣಿತಜ್ಞೆ ಮರಿಯಾ ರೈಕೆ ತಮ್ಮ ಬಾಳಿನ ಬಹುಪಾಲನ್ನು ಈ ರೇಖೆಗಳ ಅಳತೆಗೂ ರಕ್ಷಣೆಗೂ ಕೊಟ್ಟರು. ಕಸಬರಿಗೆ ಹಿಡಿದು ಮರಳುಗಾಡನ್ನು ಗುಡಿಸುವ ಈಕೆಯನ್ನು ಕಂಡು ಸುತ್ತಲಿನವರು ಮೊದಮೊದಲು ಹುಚ್ಚಿ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹೆದ್ದಾರಿ ಹಾಕಿದವರು ಅಲ್ಲಿನ ಹಲ್ಲಿಯ ಚಿತ್ರವನ್ನು ನಡುವೆಯೇ ಸೀಳಿ ರಸ್ತೆ ಒಯ್ದಿದ್ದಾರೆ. ಹೆಚ್ಚಿನ ಚಿತ್ರಗಳು ಪೂರ್ತಿಯಾಗಿ ಕಾಣುವುದು ಸಣ್ಣ ವಿಮಾನದಿಂದ ಮಾತ್ರ. ಅದು ಎಡಕ್ಕೂ ಬಲಕ್ಕೂ ವಾಲುತ್ತ ಹಾರುವುದರಿಂದ ಖಾಲಿ ಹೊಟ್ಟೆಯಲ್ಲಿ ಹತ್ತುವುದು ಕ್ಷೇಮ.

ನಮ್ಮ ಕಡೆಯವರು ತಪ್ಪದೆ ನೋಡಬೇಕಾದದ್ದು ಲಂಬಾಯೆಕೆ ಊರಿನ ವಸ್ತುಸಂಗ್ರಹಾಲಯ. ಪುರಾತತ್ವಜ್ಞ ವಾಲ್ತರ್ ಆಲ್ವಾ 1987ರಲ್ಲಿ ಸಿಪಾನ್ ಎಂಬಲ್ಲಿ ಅಗೆದು ತೆಗೆದ ಮೋಚೆ ಅರಸನ ಸಮಾಧಿಯ ಸಂಪತ್ತು ಅಲ್ಲಿದೆ. ಆ ಅರಸನ ಕೊರಳಿನ ಹಾರದಲ್ಲಿ ಪೋಣಿಸಿರುವುದು ಮುತ್ತಲ್ಲ, ಶೇಂಗಾಕಾಯಿ: ಬಲಕ್ಕೆ ಚಿನ್ನದ ಕಾಯಿಗಳು, ಎಡಕ್ಕೆ ಬೆಳ್ಳಿಯ ಕಾಯಿಗಳು. ಸಿಪ್ಪೆಯ ಮೇಲಿನ ಗೆರೆ, ನಡುವಿನ ಸೊಂಟ ಎಲ್ಲವೂ ಹೊಲದಿಂದ ಈಗಷ್ಟೇ ಕಿತ್ತಂತಿವೆ. ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲೇ. ಅದಕ್ಕೆ ಅರಸನ ಕೊರಳಲ್ಲಿ ಸ್ಥಾನ ಸಿಕ್ಕಿದ್ದನ್ನು ಕಂಡರೆ ಶೇಂಗಾ ಹೋಳಿಗೆ ತಿಂದು ಬೆಳೆದವರಿಗೆ ಹೆಮ್ಮೆಯೆನಿಸದೆ ಇರದು.

ಪ್ರಶ್ನೆ: ನಮ್ಮ ಬ್ಯಾಡಗಿ ಮೆಣಸಿನಕಾಯಿಯ ತವರು ಪೆರು ಎಂದು ಯಾರೋ ಹೇಳಿದರು. ನಿಜವೆ?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಅರ್ಧ ನಿಜ. ಮೆಣಸಿನಕಾಯಿಯ ಕುಲ ದಕ್ಷಿಣ ಅಮೆರಿಕದ್ದಾದರೂ, ಬ್ಯಾಡಗಿ ಸೇರಿದ ಜಾತಿಯನ್ನು ಮೊದಲು ಕೃಷಿಗೆ ಒಗ್ಗಿಸಿದವರು ಮೆಕ್ಸಿಕೊದವರು. ಅದನ್ನು ಸಮುದ್ರ ದಾಟಿಸಿ ನಮಗೆ ತಂದವರು ಪೋರ್ಚುಗೀಸರು. ಪೆರುವಿನ ಅಡುಗೆಮನೆಯಲ್ಲಿರುವುದು ಬೇರೆ ಜಾತಿಗಳು. ಹಳದಿಯ ‘ಅಹಿ ಅಮರಿಯೊ’ ಅಲ್ಲಿ ಎಲ್ಲದಕ್ಕೂ ಬೇಕು. ಕರಿಬೀಜದ ‘ರೊಕೊತೊ’ ನೋಡಲು ಡೊಣ್ಣಮೆಣಸಿನಕಾಯಿಯಂತಿದ್ದು ಬಾಯಿಗಿಟ್ಟರೆ ಬೆಂಕಿ, ಮೋಸಹೋಗಬೇಡಿ. ‘ಅಹಿ ಪಂಕಾ’ ಎಂಬುದನ್ನು ಒಣಗಿಸಿದಾಗ ಕಡುಗೆಂಪು ಬಣ್ಣ, ಖಾರ ಕಡಿಮೆ. ಬ್ಯಾಡಗಿಯ ಗುಣಕ್ಕೆ ಹತ್ತಿರದ್ದು ಅದೇ. ನಿಮ್ಮ ವ್ಯಾಪಾರಕ್ಕೆ ಸಂಬಂಧಿಸಿದ ಸಂಗತಿಯೂ ಒಂದಿದೆ: ಬಣ್ಣಕ್ಕಾಗಿ ಬೆಳೆಯುವ ಪಪ್ರಿಕಾ ಮೆಣಸಿನಕಾಯಿಯನ್ನು ಪೆರು ಕೂಡ ರಫ್ತು ಮಾಡುತ್ತದೆ. ಗುಡ್ಡದಿಂದ ಇಳಿಯುವ ನದಿಗಳ ನೀರನ್ನು ಮರಳುಗಾಡಿಗೆ ಹಾಯಿಸಿ ಬೆಳೆಯುತ್ತಾರೆ. ಕಣದಲ್ಲಿ ಹರವಿದ ಕಾಯಿ ಅಕಾಲ ಮಳೆಗೆ ತೊಯ್ದು ಬಣ್ಣಗೆಡುವ ಚಿಂತೆ ಅಲ್ಲಿನ ರೈತನಿಗೆ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ನನಗೆ 62 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗಳು ಕುಸ್ಕೊಕ್ಕೆ ಕರೆದೊಯ್ಯುತ್ತೇನೆ ಎನ್ನುತ್ತಾಳೆ. ಆ ಎತ್ತರ ನನ್ನಿಂದ ತಾಳಲು ಆದೀತೆ?
— ನಿವೃತ್ತ ಶಿಕ್ಷಕಿ, ಲಕ್ಷ್ಮೇಶ್ವರ

ಉತ್ತರ: ಮೊದಲ ಮಾತು, ನಿಮ್ಮನ್ನು ನೋಡುತ್ತಿರುವ ವೈದ್ಯರನ್ನು ಕೇಳದೆ ಹೊರಡಬೇಡಿ. ಎತ್ತರದ ಬೇನೆಗೆ ಮುಂಚಿತವಾಗಿ ತೆಗೆದುಕೊಳ್ಳುವ ಮಾತ್ರೆಯೂ ಇದೆ, ಆದರೆ ಅದನ್ನು ಅವರೇ ಹೇಳಬೇಕು. ಅವರು ಒಪ್ಪಿದರೆ ಮುಂದಿನದೆಲ್ಲ ಊರುಗಳ ಕ್ರಮವನ್ನು ಅವಲಂಬಿಸಿದೆ. ಧಾರವಾಡ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ಕುಸ್ಕೊ ಸುಮಾರು 3,400 ಮೀಟರ್‌ನಲ್ಲಿ. ಮಾಚು ಪಿಚು ಇನ್ನೂ ಮೇಲಿದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು 2,430 ಮೀಟರ್ ಮಾತ್ರ. ಆದ್ದರಿಂದ ವಿಮಾನ ಇಳಿದ ದಿನವೇ ಕುಸ್ಕೊದಲ್ಲಿ ತಂಗದೆ, ಕಾರಿನಲ್ಲಿ ನೇರವಾಗಿ ಉರುಬಂಬಾ ಕಣಿವೆಗೆ ಇಳಿದು ಎರಡು ರಾತ್ರಿ ಅಲ್ಲಿರಿ. ಅಲ್ಲಿಂದ ರೈಲಿನಲ್ಲಿ ಮಾಚು ಪಿಚು ನೋಡಿಕೊಂಡು, ಮೈ ಒಗ್ಗಿದ ಮೇಲೆ ಕುಸ್ಕೊಕ್ಕೆ ಏರಿ. 3,812 ಮೀಟರ್ ಎತ್ತರದ ಟಿಟಿಕಾಕಾ ಸರೋವರ, ಅಲ್ಲಿ ಜೊಂಡನ್ನು ಹಾಸಿ ಹೆಣೆದು ಮಾಡಿದ ಉರೋಸ್ ಜನರ ತೇಲುವ ದ್ವೀಪಗಳು, ಗಂಡಸರೇ ಕೂತು ಟೋಪಿ ಹೆಣೆಯುವ ತಾಕಿಲೆ ದ್ವೀಪ ಇವೆಲ್ಲ ಕೊನೆಗಿರಲಿ. ಕುಸ್ಕೊದ ಹೋಟೆಲುಗಳಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ, ಅಲ್ಲಿ ಅದು ರೂಢಿ. ಆದರೆ ಆ ಎಲೆಯನ್ನು ಮರೆತೂ ಚೀಲದಲ್ಲಿ ಹಾಕಿಕೊಂಡು ಬರಬೇಡಿ. ನಮ್ಮಲ್ಲಿ ಅದು ಅಪರಾಧ.

ಲಕ್ಕುಂಡಿ ನಿಮಗೆ ಹತ್ತಿರವಾದ್ದರಿಂದ ಇನ್ನೊಂದು ಮಾತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸುವ ಜಾಣ್ಮೆಯನ್ನು ನೀವು ಅಲ್ಲಿನ ಗುಡಿಗಳಲ್ಲಿ ಕಂಡಿದ್ದೀರಿ. ಕುಸ್ಕೊದ ಹಾತುನ್ ರುಮಿಯೊಕ್ ಓಣಿಯಲ್ಲಿ ಹನ್ನೆರಡು ಮೂಲೆಗಳ ಒಂದು ಕಲ್ಲಿದೆ. ಸುತ್ತಲಿನ ಕಲ್ಲುಗಳು ಅದರ ಪ್ರತಿ ಮೂಲೆಗೂ ಚೂರಿಯ ಅಲಗು ತೂರದಂತೆ ಒತ್ತಿ ಕೂತಿವೆ. ನಮ್ಮ ಶಿಲ್ಪಿಗಳ ಕೈಯಲ್ಲಿ ಮೆದುವಾದ ಬಳಪದ ಕಲ್ಲೂ ಕಬ್ಬಿಣದ ಉಳಿಯೂ ಇದ್ದವು. ಇಂಕಾ ಜನರ ಬಳಿ ಕಬ್ಬಿಣವೇ ಇರಲಿಲ್ಲ. ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ ಈ ಕೂಡಿಕೆ ಸಾಧಿಸಿದರು. ಸೂರ್ಯನ ಗುಡಿಯಾದ ಕೊರಿಕಾಂಚಾದ ಮೇಲೆ ಸ್ಪೇನಿನವರು ಚರ್ಚು ಕಟ್ಟಿದ್ದರು. 1950ರ ಭೂಕಂಪದಲ್ಲಿ ಮೇಲಿನ ಕಟ್ಟಡಕ್ಕೆ ಭಾರಿ ಹಾನಿಯಾಯಿತು, ಕೆಳಗಿನ ಇಂಕಾ ಗೋಡೆ ಮಿಸುಕಲಿಲ್ಲ.

ಪ್ರಶ್ನೆ: ಪೆರುವಿನಲ್ಲಿ ಸಾವಿರಾರು ಬಗೆಯ ಬಟಾಟಿ ಇದೆಯಂತೆ. ಅಷ್ಟೊಂದು ಏಕೆ?
— ಕೃಷಿ ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಆಂಡಿಸ್ ಸೀಮೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ತಳಿಗಳಿವೆ. ಅಲ್ಲಿ ಒಂದೇ ಕುಟುಂಬದ ಹೊಲಗಳು ಗುಡ್ಡದ ಬೇರೆ ಬೇರೆ ಎತ್ತರಗಳಲ್ಲಿ ಹರಡಿರುತ್ತವೆ. ನೂರಿನ್ನೂರು ಮೀಟರ್ ಏರಿದರೆ ಚಳಿ, ಮಣ್ಣು, ರೋಗ ಎಲ್ಲವೂ ಬದಲಾಗುವುದರಿಂದ, ಒಂದು ಹೊಲ ಹಿಮಕ್ಕೆ ಸಿಕ್ಕರೆ ಇನ್ನೊಂದು ಉಳಿಯಲಿ ಎಂದು ರೈತರು ಹಲವು ತಳಿಗಳನ್ನು ಬೆರೆಸಿ ಹಾಕುತ್ತಾರೆ. ನಮ್ಮ ಹಿರಿಯರು ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದ ವಿವೇಕವೇ ಇದು. ಅಂತಾರಾಷ್ಟ್ರೀಯ ಆಲೂಗಡ್ಡೆ ಸಂಶೋಧನಾ ಕೇಂದ್ರವೂ 1971ರಿಂದ ಲಿಮಾದಲ್ಲೇ ಇದೆ.

ನೀವು ನೋಡಲೇಬೇಕಾದದ್ದು ‘ಚುನ್ಯೊ’ ಮಾಡುವ ಬಗೆ. ಜೂನ್, ಜುಲೈ ತಿಂಗಳ ಕೊರೆಯುವ ರಾತ್ರಿಗಳಲ್ಲಿ ಸಣ್ಣ ಬಟಾಟಿಗಳನ್ನು ಬಯಲಲ್ಲಿ ಹರವುತ್ತಾರೆ. ರಾತ್ರಿ ಅವು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ, ಬಿಸಿಲೇರಿದಾಗ ಮೆತ್ತಗಾಗುತ್ತವೆ. ಮನೆಮಂದಿ ಬರಿಗಾಲಲ್ಲಿ ಅವನ್ನು ತುಳಿಯುವಾಗ ನೀರು ಪಿಚ್ಚನೆ ಹೊರಬಂದು ಸಿಪ್ಪೆ ಜಾರುತ್ತದೆ. ಹೀಗೆ ಕೆಲವು ದಿನ ನಡೆದ ಮೇಲೆ ಉಳಿಯುವುದು ಬೆಂಡಿನಂತೆ ಹಗುರವಾದ ಕರಿಗಡ್ಡೆ, ಅದು ವರ್ಷಗಟ್ಟಲೆ ಕೆಡುವುದಿಲ್ಲ. ಸಂಡಿಗೆ ಒಣಗಿಸಲು ನಮಗೆ ಬಿಸಿಲೊಂದೇ ಸಾಕು. ಅವರು ಹಿಮವನ್ನೂ ದುಡಿಸಿಕೊಂಡಿದ್ದಾರೆ. ಅಂದಹಾಗೆ, ಅಲ್ಲಿ ಬಟಾಟಿ ಎಂದು ಕೇಳಿದರೆ ಗೆಣಸು ಬಂದೀತು. ಪೋರ್ಚುಗೀಸರ ಮೂಲಕ ನಮಗೆ ಬಂದ ಆ ಪದ ಮೊದಲಿಗೆ ಗೆಣಸಿನದು. ಪೆರುವಿನಲ್ಲಿ ಆಲೂಗಡ್ಡೆ ಎಂದರೆ ‘ಪಾಪಾ’, ಅದು ಇಂಕಾ ಜನರ ಕೆಚುವಾ ಭಾಷೆಯ ಮಾತು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೇನು ಗತಿ? ಕಾಡಿಗೆ ಹೋಗುವವರಿಗೆ ಲಸಿಕೆ ಬೇಕೆ?
— ಔಷಧ ಅಂಗಡಿಯವರು, ಹಾವೇರಿ

ಉತ್ತರ: ‘ಕಾರ್ನೆ’ ಬೇಡ ಎಂದಷ್ಟೇ ಹೇಳಿದರೆ ಕೋಳಿ ಬರುತ್ತದೆ, ಏಕೆಂದರೆ ಅವರ ಲೆಕ್ಕದಲ್ಲಿ ಕೋಳಿ ಮಾಂಸವಲ್ಲ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾಡೊ’ ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ ನಿರಾಕರಿಸಬೇಕು. ಗಿಣ್ಣದ ತುಂಡಿನೊಂದಿಗೆ ಕೊಡುವ ದಪ್ಪಕಾಳಿನ ಬೇಯಿಸಿದ ಮೆಕ್ಕೆತೆನೆ, ಕಿನೊವಾ ಕಾಳು, ನೇರಳೆ ಮೆಕ್ಕೆಜೋಳದ ಪಾನಕ ‘ಚಿಚಾ ಮೊರಾಡಾ’ ಎಲ್ಲೆಡೆ ಸಿಗುತ್ತವೆ. ನಾವು ಡಬಲ್ ಬೀನ್ಸ್ ಎನ್ನುವ ಕಾಳಿಗೆ ಇಂಗ್ಲಿಷಿನಲ್ಲಿ ಲಿಮಾ ನಗರದ ಹೆಸರೇ ಇದೆ. ಸಾರಿನ ವಿಷಯದಲ್ಲಿ ಮಾತ್ರ ಎಚ್ಚರ, ಅದು ಹೆಚ್ಚಾಗಿ ಕೋಳಿ ಬೇಯಿಸಿದ ನೀರು.

ಕಾಡಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಸರಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಪೆರುವಿನಿಂದ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ. ಅರವತ್ತು ದಾಟಿದವರು ವೈದ್ಯರ ಸಲಹೆಯ ಮೇಲೆಯೇ ಹಾಕಿಸಿಕೊಳ್ಳಬೇಕು. ಕಾಡಿನಲ್ಲಿ ಬೆಳಗಿನ ಜಾವ ನದಿದಂಡೆಯ ಮಣ್ಣು ತಿನ್ನಲು ನೂರಾರು ಮಕಾವ್ ಗಿಳಿಗಳು ಒಟ್ಟಿಗೆ ಇಳಿಯುವ ನೋಟವಿದೆ. ಲಸಿಕೆಯ ತೊಂದರೆ ತೆಗೆದುಕೊಳ್ಳಲು ಅದೊಂದು ಸಾಕು. ಇಕಿಟೋಸ್ ಎಂಬ ದೊಡ್ಡ ಊರಿಗೆ ಇಂದಿಗೂ ಹೊರಗಿನಿಂದ ರಸ್ತೆಯಿಲ್ಲ, ದೋಣಿ ಅಥವಾ ವಿಮಾನವೇ ಗತಿ.

ಪ್ರಶ್ನೆ: ನಾವು ಪ್ರವಾಸಕ್ಕೆ ಹೋಗುವವರಲ್ಲ. ಆದರೆ ಮುಂಗಾರು ಕೈಕೊಟ್ಟಾಗಲೆಲ್ಲ ರೇಡಿಯೊದಲ್ಲಿ ‘ಎಲ್ ನಿನ್ಯೊ’ ಎನ್ನುತ್ತಾರೆ, ಅದು ಪೆರುವಿನಿಂದ ಬಂದದ್ದು ಎನ್ನುತ್ತಾರೆ. ಎಲ್ಲಿಯ ಪೆರು, ಎಲ್ಲಿಯ ನವಲಗುಂದ?
— ರೈತರು, ನವಲಗುಂದ

ಉತ್ತರ: ಮೊದಲ ಉತ್ತರದಲ್ಲಿ ಹೇಳಿದ ತಣ್ಣೀರನ್ನು ನೆನಪಿಸಿಕೊಳ್ಳಿ. ಕೆಲವು ವರ್ಷಗಳಿಗೊಮ್ಮೆ ಆ ಕಡಲಿನ ಮೇಲಿನ ಗಾಳಿ ಸಡಿಲಗೊಂಡು, ಪಶ್ಚಿಮದ ಬೆಚ್ಚನೆಯ ನೀರು ಪೆರುವಿನ ದಂಡೆಯ ಕಡೆಗೆ ಸರಿಯುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಇದು ಕಾಣುತ್ತಿದ್ದುದರಿಂದ ಅಲ್ಲಿನ ಮೀನುಗಾರರು ಬಾಲಯೇಸುವಿನ ನೆನಪಿನಲ್ಲಿ ಎಲ್ ನಿನ್ಯೊ, ಅಂದರೆ ಗಂಡುಮಗು, ಎಂದು ಕರೆದರು. ಆ ವರ್ಷ ಅವರ ಬಲೆಗೆ ಅಂಚೊವೆಟಾ ಮೀನು ಬೀಳುವುದಿಲ್ಲ. ಮೀನಿಲ್ಲದೆ ದ್ವೀಪಗಳ ಹಕ್ಕಿಗಳು ಸಾಯುತ್ತವೆ. ಮಳೆಯನ್ನೇ ಕಾಣದ ಉತ್ತರ ಕರಾವಳಿಯ ಪಿಯುರಾ ಸೀಮೆಯಲ್ಲಿ ಪ್ರವಾಹ ಬರುತ್ತದೆ. 1983ರಲ್ಲೂ 1998ರಲ್ಲೂ ಹಾಗಾಯಿತು. ಬೆಚ್ಚನೆಯ ನೀರಿನೊಂದಿಗೆ ಮಳೆಯ ಜಾಗವೂ ಪೂರ್ವಕ್ಕೆ ಸರಿಯುವುದರಿಂದ ಶಾಂತಸಾಗರದ ಈಚೆಯ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. ಧಾರವಾಡ ಸೀಮೆಯನ್ನು ಹಿಂಡಿದ 1876–78ರ ಬರಗಾಲದ ಹಿಂದೆಯೂ, ನೀವೇ ಕಂಡ 2023ರ ಬರದ ಹಿಂದೆಯೂ ಅದರ ಕೈಯಿತ್ತು. ಹಾಗೆಂದು ಎಲ್ ನಿನ್ಯೊ ಎಂದ ಕೂಡಲೇ ಬಿತ್ತನೆ ಕೈಬಿಡಬೇಕಾಗಿಲ್ಲ. 1997ರಲ್ಲಿ ಅದು ಬಹಳ ಪ್ರಬಲವಾಗಿದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಸುರಿಯಿತು.